ಕಲ್ಲು ನೆಕ್ಕಿದ ನಾಲಿಗೆ

ನನಗೆ ಹೊಟ್ಟೆಕಿಚ್ಚು ಮೊದಲು ಹುಟ್ಟಿದ್ದು ಕಲ್ಲಿನ ಮೇಲೆ.

ನಗಬೇಡಿ. ಮಳೆ ಬಂದರೆ ಕಲ್ಲಿನ ರಾಶಿಗೆ ಟಾರ್ಪಾಲು ಹೊದಿಸುತ್ತಿದ್ದರು. ನಾವು ನೆನೆಯುತ್ತಿದ್ದೆವು. ತೊಳೆಯುವ ಶೆಡ್ಡಿನಲ್ಲಿ ಕಲ್ಲಿಗೆ ಟ್ಯಾಂಕರ್ ನೀರಿನ ಸ್ನಾನ. ನಮಗೆ ಬೀದಿ ಕೊನೆಯ ಕೆಸರು ನಲ್ಲಿ. ಕಲ್ಲು ಲಾರಿ ಹತ್ತುತ್ತಿತ್ತು, ಹಡಗು ಹತ್ತುತ್ತಿತ್ತು, ನಾನು ಕನಸಿನಲ್ಲೂ ಕಾಣದ ಊರುಗಳಿಗೆ ಹೋಗುತ್ತಿತ್ತು. ಅಲ್ಲಿ ಅದನ್ನು ಅರೆದು ಕಾಯಿಸಿ ಬ್ಯಾಟರಿ ಮಾಡುತ್ತಾರಂತೆ. ಬಿಸಿಲಿನಿಂದ, ಗಾಳಿಯಿಂದ ತೆಗೆದ ಕರೆಂಟನ್ನು ಅದರಲ್ಲಿ ಕೂಡಿಡುತ್ತಾರಂತೆ. ಹೊಗೆಯಿಲ್ಲದೆ, ಸದ್ದಿಲ್ಲದೆ ಕಾರು ಓಡುತ್ತದಂತೆ. ಕೋಬಾಲ್ಟ್ ಎಂದು ಅದರ ಹೆಸರು. ಮ್ಯಾನೇಜರ್ ಆ ಹೆಸರು ಹೇಳುವಾಗ ಬಾಯಿ ತೊಳೆದುಕೊಂಡು ಹೇಳಿದಂತಿರುತ್ತಿತ್ತು. ನಾವು ಕರಿಕಲ್ಲು ಎನ್ನುತ್ತಿದ್ದೆವು.

ಕರಿಕಲ್ಲಿಗೆ ಒಂದು ಕೆಟ್ಟ ಗುಣವಿದೆ. ಒಣಗಿದ್ದಾಗ ಅದೂ ಒಂದೇ, ಬರೀ ಕಲ್ಲೂ ಒಂದೇ. ಎರಡೂ ಬೂದಿ ಬಣ್ಣ. ಒದ್ದೆಯಾದರೆ ಮಾತ್ರ ಗುಟ್ಟು ಬಿಡುತ್ತದೆ. ಕಾಗೆಯ ರೆಕ್ಕೆ ಬಿಸಿಲಿಗೆ ತಿರುಗಿದಾಗ ನೀಲಿ ಹೊಳೆಯುತ್ತದಲ್ಲ, ಹಾಗೆ ಹೊಳೆಯುತ್ತದೆ. ಬರೀ ಕಲ್ಲು ಒದ್ದೆಯಾದರೂ ಬೂದಿಯೇ.

ಹಾಗಾದರೆ ಆರಿಸುವ ಮೇಜಿಗೆ ನೀರು ಕೊಡಬೇಕಲ್ಲವೆ? ಕೊಡುತ್ತಿರಲಿಲ್ಲ. ತೊಳೆದ ಕಲ್ಲೂ ಒಣಗಿದ ಮೇಲೆಯೇ ನಮ್ಮ ಮೇಜಿಗೆ ಬರುತ್ತಿತ್ತು. ನೀರು ಬಿದ್ದರೆ ತೂಕ ಏರುತ್ತದೆ, ತೂಕ ಏರಿದರೆ ಕೊಳ್ಳುವವರು ನಮ್ಮನ್ನು ಕಳ್ಳರೆನ್ನುತ್ತಾರೆ ಎಂದು ಮೇಸ್ತ್ರಿ ಹೇಳುತ್ತಿದ್ದ. ಬೆರಳಿಗೆ ಉಗುಳು ಹಚ್ಚಿ ಉಜ್ಜಿದರೆ ಬೆರಳಿನ ಮಣ್ಣೇ ಕಲ್ಲಿಗೆ ಹತ್ತುತ್ತಿತ್ತು. ಉಳಿದದ್ದು ನಾಲಿಗೆ. ಕಲ್ಲು ಎತ್ತು. ನಾಲಿಗೆಯ ತುದಿ ತಾಗಿಸು. ನೋಡು. ನೀಲಿಯಿದ್ದರೆ ಬಲಗಡೆ ಡಬ್ಬ, ಇಲ್ಲದಿದ್ದರೆ ಎಡಗಡೆ. ಉಗುಳು. ಮತ್ತೊಂದು ಎತ್ತು. ಬೆಳಗಿನಿಂದ ಸಂಜೆಯವರೆಗೆ ನಿಂತೇ.

ನೆಕ್ಕಿ ಎಂದು ಕಂಪನಿಯವರು ಯಾರೂ ಒಂದು ದಿನವೂ ಹೇಳಲಿಲ್ಲ. ನೀರು ಕೊಡುವುದಿಲ್ಲ ಎಂದಷ್ಟೇ ಹೇಳಿದರು.

ನಾಲಿಗೆ ಮೊದಲು ನಡುವಿನಲ್ಲಿ ಒಂದು ಗೆರೆಯಷ್ಟು ಕಪ್ಪಾಗುತ್ತದೆ. ಆಮೇಲೆ ಅಂಚು. ಆಮೇಲೆ ಪೂರ್ತಿ. ಸಿಹಿ, ಹುಳಿ, ಉಪ್ಪು ಒಂದೊಂದಾಗಿ ಮನೆ ಬಿಟ್ಟುಹೋಗುತ್ತವೆ. ಖಾರ ಸ್ವಲ್ಪ ದಿನ ಜಗಳವಾಡಿಕೊಂಡು ಇರುತ್ತದೆ. ಅದೂ ಹೋದಮೇಲೆ ಮಾತು ಹೋಗುತ್ತದೆ.

ಮಾತು ಹೋದದ್ದು ನಮ್ಮ ಅಜ್ಜಿಗೆ. ಈ ಮೇಜಿಗೆ ಮೊದಲು ಬಂದ ಹೆಂಗಸರಲ್ಲಿ ಅವಳೊಬ್ಬಳು. ಬೆಳಗ್ಗೆಯೆಲ್ಲ ಕಲ್ಲು ನೆಕ್ಕಿ ಬಂದು ಸಂಜೆ ಅದೇ ನಾಲಿಗೆಯಲ್ಲಿ ನಮಗೆ ಕಥೆ ಹೇಳಿದವಳು. ವರ್ಷ ಕಳೆದಂತೆ ಅವಳ ಕಥೆಯಲ್ಲಿ ರಾಜನ ಹೆಸರು ನಾಲಿಗೆಗೆ ಹೊರಳಲಿಲ್ಲ. ಆಮೇಲೆ ರಾಣಿಯದು. ಆಮೇಲೆ ನಮ್ಮ ಹೆಸರುಗಳು. ಈಗ ಅವಳ ನಾಲಿಗೆ ಬಾಯೊಳಗೆ ಚಪ್ಪಲಿಯ ಅಟ್ಟೆಯ ಹಾಗೆ ಬಿದ್ದಿದೆ. ನಾಲಿಗೆ ಬೇಡದ ಎರಡು ಮಾತು ಮಾತ್ರ ಅವಳಲ್ಲಿ ಉಳಿದಿವೆ. ಹೂಂ. ಊಹೂಂ. ಬೇಕಾದ್ದಕ್ಕೆ ಹೂಂ, ಬೇಡದ್ದಕ್ಕೆ ಊಹೂಂ. ತುಟಿ ತೆರೆಯದೆ ಎರಡನ್ನೂ ಹೇಳುತ್ತಾಳೆ.

ಇನ್ನು ಚುಕ್ಕಿ. ಚುಕ್ಕಿ ನನ್ನ ತಂಗಿ. ಗಲ್ಲದ ಮೇಲೆ ಮಚ್ಚೆಯಿದೆ, ಅದಕ್ಕೇ ಚುಕ್ಕಿ. ಅವಳು ಹುಟ್ಟಿದ ದಿನವೇ ಅಜ್ಜಿಯ ಮಡಿಲಿನಲ್ಲಿ ನನ್ನ ಅರ್ಧ ಹೋಯಿತು. ನಡೆಯಲು ಕಲಿತ ಮೇಲೆ ಉಳಿದರ್ಧವೂ ಹೋಯಿತು. ಕಥೆಯಲ್ಲಂತೂ ದೊಡ್ಡ ಮೋಸವೇ ಆಯಿತು. ಅಜ್ಜಿಗೆ ಒಂದು ಕಟ್ಟಳೆಯಿತ್ತು. ಕೇಳುವವರು 'ಹೂಂ' ಎನ್ನುತ್ತಿರಬೇಕು. ಹೂಂ ನಿಂತರೆ ಕಥೆ ನಿಂತಿತು. ನಾನು ದಿನಾ ಒಂದೇ ಜಾಗದಲ್ಲಿ ನಿದ್ದೆ ಹೋಗುತ್ತಿದ್ದೆ. ಚುಕ್ಕಿ ಮಾತ್ರ ಕೊನೆಯವರೆಗೂ ಹೂಂ ಎನ್ನುತ್ತಿದ್ದಳಂತೆ.

ಆ ಕಥೆ ಹೀಗಿತ್ತು. ಆಕಾಶಮ್ಮನಿಗೆ ಇಬ್ಬರು ಮಕ್ಕಳು. ಸೂರ್ಯ ದೊಡ್ಡವನು, ಅವನಿಗೊಬ್ಬಳು ತಂಗಿ. ಮನೆಯಲ್ಲಿದ್ದದ್ದು ಒಂದೇ ದೀಪ. ಆಕಾಶಮ್ಮ ಅದನ್ನು ಮಗನ ಕೈಗೆ ಕೊಟ್ಟಳು. ತಂಗಿಗೆ ಹೊಟ್ಟೆ ಉರಿಯಿತು. ಮುನಿಸಿಕೊಂಡು ನೆಲದೊಳಗೆ ಹೋಗಿ ಕದ ಹಾಕಿಕೊಂಡಳು. ಅಣ್ಣ ಮನೆಗೆ ಹೋಗುವ ಹೊತ್ತಿಗೆ ನೆಲದ ಮೇಲೆ ಚೆಲ್ಲಿದ ಬೆಳಕನ್ನು ಕದದ ಸಂದಿಯಿಂದ ನಾಲಿಗೆ ಚಾಚಿ ನೆಕ್ಕಿದಳು. ನೆಕ್ಕಿ ನೆಕ್ಕಿ ನುಂಗಿದಳು. ನುಂಗಿ ನುಂಗಿ ಕರ್ರಗಾದಳು. ಒಬ್ಬ ರಾಜನಿಗೆ ಸುದ್ದಿ ಮುಟ್ಟಿತು. ಅವನಿಗೆ ರಾತ್ರಿಯೂ ಹಗಲು ಬೇಕಾಗಿತ್ತು. ನೆಲ ಅಗೆಸಿದ. ಅವಳನ್ನು ಹಿಡಿದು ತರಿಸಿದ. ಎದುರಿಗೆ ನಿಲ್ಲಿಸಿ, 'ಬಾಯಿ ತೆಗಿ' ಅಂದ.

ಅಲ್ಲಿಗೆ ನನಗೆ ನಿದ್ದೆ.

"ಆಮೇಲೇನಾಯ್ತೇ?" ಎಂದು ಚುಕ್ಕಿಯನ್ನು ಕೇಳಿದರೆ, "ನಿದ್ದೆಬುರುಕರಿಗೆ ಹೇಳಲ್ಲ" ಎಂದು ಮೂಗು ಮುರಿಯುತ್ತಿದ್ದಳು. ಅಜ್ಜಿಯನ್ನು ಕೇಳೋಣವೆಂದರೆ ಅವಳ ಬಾಯಿಗೆ ಕಲ್ಲು ಬಿದ್ದಿತ್ತು. ಇಡೀ ಲೋಕದಲ್ಲಿ ಆ ಕಥೆಯ ಕೊನೆ ಒಬ್ಬಳ ಹತ್ತಿರವೇ ಉಳಿದಿತ್ತು. ಅದೂ ಚುಕ್ಕಿಯ ಹತ್ತಿರ. ಉರಿಯದೆ ಇರುತ್ತದೆಯೆ?

ಹೋದ ತಿಂಗಳು ಚುಕ್ಕಿಯೂ ಮೇಜಿಗೆ ಬಂದಳು. ಅಪ್ಪ ಕಲ್ಲು ಅಗೆಯುವ ಹೊಂಡಕ್ಕೆ ಇಳಿದವನು ಮೇಲೆ ಬರಲಿಲ್ಲ. ಅಮ್ಮ ಚೀಲ ಹೊಲಿಯುತ್ತಾಳೆ. ನಾಲ್ಕು ಬಾಯಿಗೆ ಎರಡು ಜೊತೆ ಕೈ ಸಾಲಲಿಲ್ಲ. ನಾನೇ ಅವಳಿಗೆ ಕೆಲಸ ಕಲಿಸಿದೆ. ಕಲ್ಲನ್ನು ತುದಿನಾಲಿಗೆಗೆ ಮಾತ್ರ ತಾಗಿಸು, ನುಂಗಬೇಡ, ಉಗುಳು ಎಂದೆ. ಅವಳು ವಾಕರಿಸಿದಳು. ನನ್ನ ಪಕ್ಕದಲ್ಲಿ ನಿಲ್ಲುವ ಗಂಟಲಕ್ಕ, "ಮೊದಲ ದಿನ ಎಲ್ಲರಿಗೂ ಬಸುರಿ ವಾಂತಿ ಕಣಮ್ಮ. ಹೆರೋದು ಮಾತ್ರ ಕಂಪನಿ" ಎಂದಳು. ಗಂಟಲಕ್ಕನ ದನಿ ಹೊಂಡದ ತಳಕ್ಕೂ ಕೇಳುತ್ತದೆ. ಅದಕ್ಕೇ ಆ ಹೆಸರು.

ಒಂದು ಬೆಳಗ್ಗೆ ಮೇಸ್ತ್ರಿ ಕೂಗಿದ. "ಎಲ್ಲ ಸಾಲಾಗಿ ನಿಲ್ಲಿ. ನಾಲಿಗೆ ಚಾಚಿ."

ನಮಗೆ ಅರ್ಥವಾಗಲಿಲ್ಲ. ಬ್ಯಾಟರಿ ಮಾಡುವ ಊರಿನಿಂದ ಕೊಳ್ಳುವವರು ನೋಡಲು ಬರುತ್ತಾರಂತೆ. ಕಲ್ಲು ಯಾರ ಕೈಯಿಂದ ಬರುತ್ತದೆ, ಆ ಕೈ ಚೆನ್ನಾಗಿದೆಯೆ ಎಂದು ನೋಡಬೇಕಂತೆ. ಅವರ ಕಣ್ಣಿಗೆ ಒಂದು ಹೊಸ ಮೇಜು ಹಾಕುತ್ತಾರೆ. ಅಲ್ಲಿ ಒಬ್ಬಳು ಕೂರಬೇಕು. ಕೂತವಳಿಗೆ ಆಮೇಲೆ ತೊಳೆಯುವ ಶೆಡ್ಡಿನಲ್ಲಿ ಖಾಯಂ ಕೆಲಸ. ನೀರಿನ ಪಕ್ಕ. ಕೂರಲು ಕುರ್ಚಿ. ನಾಲಿಗೆಗೆ ಬಿಡುಗಡೆ.

ಮೇಸ್ತ್ರಿ ಕೈಯಲ್ಲಿ ಒಂದು ಕಡ್ಡಿ ಹಿಡಿದು ಬಂದ. ಗದ್ದಕ್ಕೆ ಕಡ್ಡಿ ಕೊಟ್ಟು ಮುಖ ಎತ್ತಿದ. ಒಬ್ಬೊಬ್ಬರ ಬಾಯೊಳಗೆ ಇಣುಕಿದ. ಉಗುಳು ಗದ್ದಕ್ಕಿಳಿದರೂ ಒರೆಸಿಕೊಳ್ಳಲು ಬಿಡಲಿಲ್ಲ. "ಎತ್ತಿಗೆ ಹಲ್ಲು ನೋಡ್ತಾರೆ, ನಮಗೆ ನಾಲಿಗೆ. ಬಾಲ ಎತ್ತಿ ನೋಡೋದೊಂದು ಬಾಕಿ" ಎಂದಳು ಗಂಟಲಕ್ಕ. ಯಾರೂ ನಗಲಿಲ್ಲ. ಎಲ್ಲರ ನಾಲಿಗೆಯೂ ಹೊರಗಿತ್ತು.

ನನ್ನ ಬಾಯಿಗೆ ಬಂದ. ನಾನು ಆಸೆಯಿಂದ ಚಾಚಿದೆ. ಇಷ್ಟು ಉದ್ದ ಚಾಚಿದೆ. ಯಾರಿಗೆ ಗೊತ್ತು, ಇವತ್ತು ಬೆಳಕು ಕಡಿಮೆಯಿದ್ದರೆ ಕೆಂಪಗೆ ಕಂಡೀತು ಎಂದು ಒಳಗೊಂದು ಹುಚ್ಚು.

"ಥೂ, ಹಾಳುಬಾವಿ ಇದ್ದಹಾಗಿದೆ" ಎಂದ. ಮುಂದೆ ಹೋದ.

ಚುಕ್ಕಿಯ ಎದುರು ನಿಂತ. ಕಡ್ಡಿ ಬೇಕಾಗಲಿಲ್ಲ. ಅವಳ ನಾಲಿಗೆ ಆಗತಾನೆ ಕೊಯ್ದ ಹಣ್ಣಿನ ಹಾಗಿತ್ತು. "ಇವಳು" ಎಂದ.

ಅವತ್ತು ಸಂಜೆ ಚುಕ್ಕಿ ನೀಲಿ ಕೋಟು, ಕೈಗವಸು, ಬಿಳಿ ಗಮ್‌ಬೂಟು ಮನೆಗೆ ತಂದಳು. ಹಾಕಿ ಅಭ್ಯಾಸ ಮಾಡಿಕೊಳ್ಳಬೇಕಂತೆ. ನಮ್ಮ ಕೋಣೆ ಎಷ್ಟಿದೆ? ನಾಲ್ಕು ಜನ ಮಲಗಿದರೆ ಐದನೆಯದಾಗಿ ಬೆಕ್ಕು ಮಲಗಲೂ ಜಾಗವಿಲ್ಲ. ಅಷ್ಟರಲ್ಲೇ ಅವಳು ಗೋಡೆಯಿಂದ ಗೋಡೆಗೆ ಟಪಟಪ ನಡೆದಳು.

"ಬಾತುಕೋಳಿ ಹಾಗೆ ಕಾಣ್ತೀಯ" ಎಂದೆ.

"ಬಾತುಕೋಳಿ ಕಾಲಲ್ಲಿ ಹುಣ್ಣಿಲ್ಲ ಕಣಕ್ಕ" ಎಂದಳು.

ನಾನು ಕಾಲನ್ನು ಬಟ್ಟೆಯೊಳಗೆ ಎಳೆದುಕೊಂಡೆ. ಬರಿಗಾಲಲ್ಲಿ ಚೂಪುಕಲ್ಲಿನ ಮೇಲೆ ನಿಂತು ನಿಂತು ನನ್ನ ಅಂಗಾಲಿನಲ್ಲಿ ಬಾಯಿಗಳು ಬಿದ್ದಿವೆ. ಅಮ್ಮ ಒಲೆ ಊದುತ್ತ, "ಇವಳ ಹೊಟ್ಟೆಕಿಚ್ಚಿನ ಮೇಲೆ ಗಂಜಿ ಇಟ್ಟರೆ ಸೌದೆ ಉಳಿಯುತ್ತೆ" ಎಂದಳು. ಚುಕ್ಕಿ ನಕ್ಕಳು. ಅಜ್ಜಿ ನಗಲಿಲ್ಲ. ಮೂಲೆಯಿಂದ ನನ್ನನ್ನೇ ನೋಡುತ್ತಿದ್ದಳು.

ನನ್ನ ಮನಸ್ಸಿನಲ್ಲಿ ಏನಿತ್ತೆಂದು ಹೇಳಿಬಿಡುತ್ತೇನೆ. ಆ ಬೂಟಿನೊಳಗೆ ಚೇಳು ಇರಲಿ ಎಂದಿತ್ತು.

ಕೊಳ್ಳುವವರು ಬಂದ ದಿನ ನಮ್ಮನ್ನೆಲ್ಲ ಚೀಲದ ಕೋಣೆಗೆ ತುಂಬಿದರು. ತಗಡಿನ ಗೋಡೆ, ತಗಡಿನ ಮಾಡು. ಮೇಸ್ತ್ರಿ ಹೊರಗಿನಿಂದ ಅಗಳಿ ಹಾಕಿ, "ಕೆಮ್ಮಿದರೂ ಸರಿ, ಸತ್ತರೂ ಸರಿ, ಸದ್ದು ಮಾಡಬೇಡಿ" ಎಂದ. ಬೆವರು ಬೆನ್ನಿನಿಂದ ಕಾಲಿಗೆ ಹರಿಯಿತು. ಗೋಡೆಯಲ್ಲಿ ಮೊಳೆ ಹೊಡೆದ ತೂತೊಂದಿತ್ತು. ನಾನು ಅದಕ್ಕೆ ಕಣ್ಣು ಕೊಟ್ಟೆ.

ಹೊಸ ಮೇಜು ಕಂಡಿತು. ಅದರ ಮೇಲೆ ಬೋಗುಣಿ. ಬೋಗುಣಿಯ ತುಂಬ ನೀರು. ತಿಳಿ ನೀರು. ಪಕ್ಕದಲ್ಲಿ ಹಳದಿ ಸ್ಪಂಜು. ಚುಕ್ಕಿ ಕುರ್ಚಿಯಲ್ಲಿ ಬೆನ್ನು ಊರಿ ಕೂತಿದ್ದಳು. ಮೂಗು ಬಾಯಿಗೆ ಮಾಸ್ಕ್. ನನ್ನ ತಂಗಿಯಲ್ಲ, ಯಾವುದೋ ಆಸ್ಪತ್ರೆಯ ಡಾಕ್ಟರಮ್ಮನ ಹಾಗಿದ್ದಳು. ಆ ನೀರು ನೋಡಿ ನನ್ನ ಒಣ ಬಾಯಲ್ಲಿ ಉಗುಳು ಬಂತು.

ಸದ್ದಿಲ್ಲದ ಕಾರು ಬಂದು ನಿಂತಿತು. ಇಳಿದವರಲ್ಲಿ ಕನ್ನಡಕದ ಹೆಂಗಸೊಬ್ಬಳು ಮುಂದಿದ್ದಳು. ಅವಳ ಭಾಷೆ ನಮಗೆ ಬಾರದು. ಮ್ಯಾನೇಜರ್ ಅವಳ ಮಾತನ್ನು ನಮ್ಮದಕ್ಕೆ, ನಮ್ಮದನ್ನು ಅವಳದಕ್ಕೆ ತಿರುಗಿಸುತ್ತಿದ್ದ. ಅವಳು ರಾಶಿಯಿಂದ ಒಂದು ಕಲ್ಲನ್ನು ತಾನೇ ಆರಿಸಿ ಚುಕ್ಕಿಯ ಕೈಗೆ ಕೊಟ್ಟಳು. ಇದನ್ನು ಮಾಡಿ ತೋರಿಸು ಎಂದು ಕಣ್ಣಿನಲ್ಲೇ ಕೇಳಿದಳು. ಒಳ್ಳೆಯ ಕಣ್ಣುಗಳು.

ಚುಕ್ಕಿ ಕಲ್ಲು ಹಿಡಿದಳು. ಗಾಬರಿಯಾಗಿತ್ತು ಹುಡುಗಿಗೆ. ಎದುರಿಗೆ ಬೋಗುಣಿಯಿತ್ತು, ಸ್ಪಂಜಿತ್ತು. ಅವಳು ಕೈಗವಸಿನ ಬೆರಳಿನಿಂದ ಮಾಸ್ಕನ್ನು ಗದ್ದಕ್ಕೆ ಇಳಿಸಿದಳು. ನಾಲಿಗೆ ಚಾಚಿದಳು. ಕಲ್ಲನ್ನು ನೆಕ್ಕಿದಳು. ಬಿಸಿಲಿಗೆ ಹಿಡಿದು ನೋಡಿದಳು. ಬಲಗಡೆ ಡಬ್ಬಕ್ಕೆ ಹಾಕಿದಳು. ಪಕ್ಕಕ್ಕೆ ತಿರುಗಿ ಉಗುಳಿದಳು. ಮಾಸ್ಕ್ ಮೇಲೆಳೆದುಕೊಂಡು ನೆಟ್ಟಗೆ ಕೂತಳು.

ಏನು ಮಾಡಿದೆನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಎಲ್ಲರೂ ಸುಮ್ಮನಾದದ್ದನ್ನು ನೋಡಿ, ಚೆನ್ನಾಗಿ ಮಾಡಿದೆ ಎಂದುಕೊಂಡು ಕಣ್ಣಿನಲ್ಲಿ ನಕ್ಕಳು.

ನಾನೂ ನಕ್ಕೆ, ತಗಡಿನ ಹಿಂದೆ. ಹೊಟ್ಟೆಗೆ ತಣ್ಣಗೆ ಹಾಲು ಹೊಯ್ದಂತಾಯಿತು. ಗಂಟಲಕ್ಕ ನನ್ನನ್ನು ತಳ್ಳಿ ತೂತಿಗೆ ಕಣ್ಣಿಟ್ಟು, "ಅಯ್ಯೋ ಮುಂಡೇದೇ" ಎಂದು ತಲೆ ಚಚ್ಚಿಕೊಂಡಳು.

ಅಗಳಿ ತೆಗೆದ ಸದ್ದಾಯಿತು. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತ್ತು. "ಅವಳಕ್ಕ ಎಲ್ಲಿ? ನೀನೇ ತಾನೇ? ಬಾ ಇತ್ತ."

ಶೆಡ್ಡಿನ ಹಿಂದೆ ಚುಕ್ಕಿಯನ್ನು ಎಳೆದು ತಂದಿದ್ದರು. ಮೇಸ್ತ್ರಿ ಅವಳ ಮೈಮೇಲಿನ ಕೋಟು, ಮಾಸ್ಕ್ ಬಿಚ್ಚಿಸಿ ನನಗೆ ತೊಡಿಸಿದ. ಬೂಟು ಕೀಳಿಸಿ ನನ್ನ ಕಾಲಿಗೆ ತುರುಕಿಸಿದ. "ಅವಳಿಗೆ ಮಣ್ಣು ತಿನ್ನೋ ಕಾಯಿಲೆ ಅಂತ ಹೇಳಿದೀವಿ. ಆಯಮ್ಮ ನಂಬ್ತಿಲ್ಲ, ಮನೆಯವರನ್ನ ಕೇಳಬೇಕಂತೆ. ಮ್ಯಾನೇಜರ್ ಸಾಹೇಬ್ರು ಕೇಳ್ತಾರೆ, ನೀನು ತಲೆ ಆಡಿಸು. ಮಾಸ್ಕ್ ಮುಟ್ಟಬೇಡ. ಬಾಯಿ ಬಿಡಬೇಡ. ಇಷ್ಟು ಮಾಡು, ಶೆಡ್ಡಿನ ಕೆಲಸ ನಿಂದು."

"ನಂದಾ?"

"ನಿಂದೇ ಕಣೇ. ನೀರಿನ ಪಕ್ಕ."

ಚುಕ್ಕಿ ಬರಿಗಾಲಲ್ಲಿ ನಿಂತಿದ್ದಳು. "ಅಕ್ಕ, ನಾನು ಬೇಕಂತ ಮಾಡ್ಲಿಲ್ಲ ಕಣೇ" ಎಂದಳು. ನಾನು ಕುರ್ಚಿಯತ್ತ ನಡೆದೆ. ಬೂಟಿನೊಳಗೆ ಅವಳ ಕಾಲಿನ ಬಿಸಿ ಇನ್ನೂ ಇತ್ತು. ಎಷ್ಟು ಮೆತ್ತಗಿತ್ತು! ಒಂದೊಂದು ಹೆಜ್ಜೆಗೂ ನೆಲ ನನ್ನನ್ನು ಎತ್ತಿ ಎತ್ತಿ ಇಡುತ್ತಿತ್ತು. ಕಥೆಯಲ್ಲಿ ರಾಜಕುಮಾರಿ ಹೀಗೆಯೇ ನಡೆಯುತ್ತಿದ್ದಿರಬೇಕು.

ಕುರ್ಚಿಯಲ್ಲಿ ಕೂತೆ. ಬೆನ್ನು ಊರಿದೆ. ಬೋಗುಣಿಯ ನೀರಿನಲ್ಲಿ ನನ್ನ ಮುಖ ಕಂಡಿತು. ಮಾಸ್ಕಿನಲ್ಲಿ ನಾನೂ ಚೆಂದವೇ ಇದ್ದೆ.

ಚುಕ್ಕಿಯನ್ನು ತಂದು ಪಕ್ಕದಲ್ಲಿ ನಿಲ್ಲಿಸಿದರು. ಕನ್ನಡಕದ ಹೆಂಗಸು ನನ್ನನ್ನು ನೋಡಿದಳು. ಅವಳ ಕೈಯಲ್ಲಿ ಫೋನಿತ್ತು. ತೆಳ್ಳಗೆ, ಹೊಳೆಯುವ ಫೋನು. ಅದರ ಬ್ಯಾಟರಿಯಲ್ಲಿ ಕರಿಕಲ್ಲಿದೆ. ಆ ಕರಿಕಲ್ಲಿನ ಮೇಲೆ ಯಾವಳದೋ ಉಗುಳು ಒಣಗಿದೆ. ನನ್ನದೇ ಇರಬಹುದು. ಅಜ್ಜಿಯದೂ ಇರಬಹುದು.

ಮ್ಯಾನೇಜರ್ ಮೃದುವಾಗಿ ಕೇಳಿದ. "ನೋಡಮ್ಮ, ನಿನ್ನ ತಂಗಿಗೆ ಚಿಕ್ಕಂದಿನಿಂದ ಮಣ್ಣು ತಿನ್ನೋ ಚಾಳಿ. ಅಲ್ವಾ?"

ತಲೆ ಆಡಿಸಿದರೆ ಸಾಕಿತ್ತು. ಕತ್ತಿಗೆ ಎಷ್ಟು ಭಾರ? ನಾನು ಚುಕ್ಕಿಯತ್ತ ತಿರುಗಿದೆ. ಅವಳು ಅಳುತ್ತಿದ್ದಳು. ಚಿಕ್ಕ ಮಕ್ಕಳ ಹಾಗೆ ಬಾಯಿ ಬಿಟ್ಟು ಅಳುತ್ತಿದ್ದಳು. ಆ ಬಾಯೊಳಗೆ, ಆ ಕೆಂಪು ನಾಲಿಗೆಯ ನಟ್ಟನಡುವೆ, ಒಂದು ಗೆರೆ. ಹೊಸ ಗೆರೆ. ದಾರದಷ್ಟು ತೆಳ್ಳಗೆ, ಕಪ್ಪಗೆ.

ಅಜ್ಜಿಯದೂ ಅಲ್ಲಿಂದಲೇ ಶುರುವಾಗಿತ್ತು. ನನ್ನದೂ.

ಇಷ್ಟು ದಿನ ನಾನು ಯಾವುದಕ್ಕೆ ಹೊಟ್ಟೆ ಉರಿದುಕೊಂಡಿದ್ದೆನೋ ಅದು ಅವಳ ಹತ್ತಿರವೂ ಇರಲಿಲ್ಲ. ಇದ್ದದ್ದೆಲ್ಲ ಕುರ್ಚಿಯ ಆಚೆಬದಿಗಿತ್ತು. ಫೋನಿನ ಹತ್ತಿರ, ಕಾರಿನ ಹತ್ತಿರ, ಮ್ಯಾನೇಜರನ ಮೃದು ದನಿಯ ಹತ್ತಿರ. ನನ್ನ ಹೊಟ್ಟೆಯ ಬೆಂಕಿ ಮೊದಲ ಸಲ ಸರಿಯಾದ ಕಡೆಗೆ ತಿರುಗಿತು.

ಮಾಸ್ಕ್ ಕಿತ್ತೆ. ಆ ಹೆಂಗಸಿನ ಕಣ್ಣೆದುರಿಗೆ ಬಾಯಿ ಅಗಲಿಸಿದೆ. ನಾಲಿಗೆಯನ್ನು ಪೂರ್ತಿ ಚಾಚಿದೆ. ಗದ್ದ ಮುಟ್ಟುವಂತೆ ಚಾಚಿದೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಬರೀ ನನ್ನದಲ್ಲ" ಎಂದೆ. "ಆ ತಗಡಿನ ಕೋಣೆಯಲ್ಲಿ ಎಲ್ಲರದ್ದೂ ಇದೆ. ಬಾಗಿಲು ತೆಗೆಸಿ ನೋಡಿ. ಮನೆಗೆ ಬಂದರೆ ನಮ್ಮಜ್ಜಿದೂ ತೋರಿಸ್ತೀನಿ." ಮ್ಯಾನೇಜರ್ ಏನೆಂದು ತಿರುಗಿಸಿ ಹೇಳಿದನೋ ಗೊತ್ತಿಲ್ಲ. ಅವಳು ಅವನನ್ನು ನೋಡಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡಳು. ಮ್ಯಾನೇಜರನಿಗೆ ಗಡುಸಾಗಿ ನಾಲ್ಕು ಮಾತು ಹೇಳಿದಳು. ಚೀಲದ ಕೋಣೆಯತ್ತ ಒಂದು ಸಲ ಕತ್ತು ತಿರುಗಿಸಿದಳು. ಆದರೆ ಹೋಗಲಿಲ್ಲ. ಕೋಣೆಯಿಂದಲೂ ಯಾರೂ ಸದ್ದು ಮಾಡಲಿಲ್ಲ.

ಕಾರು ಬಂದ ಹಾಗೆಯೇ ಸದ್ದಿಲ್ಲದೆ ಹೋಯಿತು.

"ನಾಳೆಯಿಂದ ಇಬ್ಬರೂ ಈ ಕಡೆ ತಲೆ ಹಾಕಬೇಡಿ" ಎಂದ ಮೇಸ್ತ್ರಿ. ಕೋಟು ಕಿತ್ತುಕೊಂಡ. ಬೂಟಿಗೆ ಕೈ ಹಾಕಿದಾಗ ನಾನು ಕಾಲು ಎತ್ತಿದೆ. ಒದೆಯುತ್ತೇನೆಂದು ತಿಳಿದು ಹಿಂದೆ ಸರಿದ. ಒದೆಯುವವಳೇ ಇದ್ದೆ. ಬೂಟು ನನ್ನ ಕಾಲಲ್ಲೇ ಉಳಿಯಿತು.

ಬಾಗಿಲು ತೆರೆದು ಹೆಂಗಸರು ಹೊರಗೆ ಬಂದರು. ಬೆವರಿ ತೊಪ್ಪೆಯಾಗಿದ್ದರು. ಯಾರೂ ನನ್ನ ಬೆನ್ನು ತಟ್ಟಲಿಲ್ಲ. ಗಂಟಲಕ್ಕ ನೇರವಾಗಿ ಬಂದು, "ನಿನ್ನ ಹೊಟ್ಟೆಕಿಚ್ಚಿಗೆ ನಮ್ಮ ಒಲೆ ಆರಿಸಿದೆಯಲ್ಲೇ ಪಾಪಿ" ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮನೆಯಲ್ಲಿ ಅಮ್ಮ ಗಂಜಿಗೆ ನೀರು ಹೆಚ್ಚು ಹಾಕಿದಳು, ಅಷ್ಟೆ. ಚುಕ್ಕಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ನನಗೋಸ್ಕರ ಮಾಡ್ದೆ ಅಂತ ಮಾತ್ರ ಹೇಳ್ಬೇಡ" ಎಂದಳು. "'ನನಗೆ ಸಿಗದೆ ಇದ್ದದ್ದು ನಿನಗೂ ಬೇಡ' ಅಂತ ಮಾಡ್ದೆ. ನನಗೆ ಗೊತ್ತಿಲ್ವಾ ನೀನು?"

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಇಲ್ಲ ಎನ್ನುವಷ್ಟು ಖಾತ್ರಿ ನನಗೂ ಇರಲಿಲ್ಲ.

ಅಜ್ಜಿ ಮೂಲೆಯಿಂದ ಕುಂಡಿಯೂರಿಕೊಂಡೇ ಸರಿದು ಬಂದಳು. ಚುಕ್ಕಿಯ ಗಲ್ಲ ಹಿಡಿದು ತಿರುಗಿಸಿದಳು. ಎರಡು ಬೆರಳಿನಿಂದ ಬಾಯಿ ಬಿಡಿಸಿದಳು. ಆ ಗೆರೆ ಕಂಡಳು. ಬಟ್ಟೆಯ ತುದಿಯನ್ನು ನೀರಿಗೆ ಅದ್ದಿ ಉಜ್ಜತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಪಾತ್ರೆಯ ಮಸಿ ತಿಕ್ಕುವ ಹಾಗೆ ತಿಕ್ಕಿದಳು. ಚುಕ್ಕಿ ಕಿರುಚಿದಳು. "ಬಿಡಮ್ಮ, ಹುಡುಗಿಗೆ ನೋವಾಗುತ್ತೆ" ಎಂದು ಅಮ್ಮ ಕೈ ಹಿಡಿದಳು. ಅಜ್ಜಿ ಕೈ ಕೊಡವಿ ತಿಕ್ಕಿದಳು. ಬಟ್ಟೆಗೆ ರಕ್ತ ಹತ್ತಿತು. ಗೆರೆ ಹೋಗಲಿಲ್ಲ.

ಆಗ ಬಟ್ಟೆ ಕೆಳಗಿಟ್ಟಳು. ತನ್ನ ಬಾಯಿ ತೆರೆದಳು. ಮಾತು ಹೋದಮೇಲೆ ಅವಳು ನಮ್ಮೆದುರು ಬಾಯಿ ತೆರೆದು ತೋರಿಸಿದವಳೇ ಅಲ್ಲ, ಉಣ್ಣುವಾಗಲೂ ಗೋಡೆಗೆ ತಿರುಗುವವಳು. ಚುಕ್ಕಿಯ ಬೆರಳನ್ನು ಹಿಡಿದು ತನ್ನ ನಾಲಿಗೆಯ ಮೇಲೆ ಇಟ್ಟುಕೊಂಡಳು.

"ಮತ್ತೆ ಮೇಜಿಗೆ ಹೋಗಲಾ ಅಜ್ಜಿ?" ಎಂದಳು ಚುಕ್ಕಿ.

"ಊಹೂಂ" ಎಂದಳು ಅಜ್ಜಿ.

ಮರುದಿನ ಬೆಳಗ್ಗೆ ಗಂಟಲಕ್ಕನ ದನಿ ಬೀದಿಯಲ್ಲಿ ಕೇಳಿತು. ಗೇಟಿನಲ್ಲಿ ಹೆಂಗಸರನ್ನೆಲ್ಲ ತಡೆದಿದ್ದಾರಂತೆ. ಕೊಳ್ಳುವವರು ಮತ್ತೆ ಬರುತ್ತಾರಂತೆ, ಈ ಸಲ ಎಲ್ಲರ ಬಾಯಿ ನೋಡುತ್ತಾರಂತೆ. ಅದಕ್ಕೆ ಕಂಪನಿ ಒಂದು ಉಪಾಯ ಮಾಡಿತ್ತು. ಕಪ್ಪು ನಾಲಿಗೆಯವರೆಲ್ಲ ಮನೆಗೆ. ಅವರ ಜಾಗಕ್ಕೆ ಕೆಂಪು ನಾಲಿಗೆಯ ಹೊಸ ಹುಡುಗಿಯರು. ನೀರು ಕೊಡುವುದಕ್ಕಿಂತ ನಾಲಿಗೆ ಬದಲಿಸುವುದು ಅವರಿಗೆ ಸುಲಭವಾಗಿತ್ತು.

ನಾನು ಬೂಟು ಹಾಕಿಕೊಂಡೆ. ಚುಕ್ಕಿ ಹಿಂದೆಯೇ ಬಂದಳು. ಗೇಟು ಕಾಣುವಾಗ, "ಅಕ್ಕ" ಎಂದಳು.

"ಏನು?"

"ಆ ಕಥೆ. ಕೊನೆ ನನಗೂ ಗೊತ್ತಿಲ್ಲ ಕಣೇ. ನಾನೂ ಅಲ್ಲೇ ನಿದ್ದೆ ಹೋಗ್ತಿದ್ದೆ. ನಿನ್ನ ಹೊಟ್ಟೆ ಉರಿಸೋಕೆ ಹಾಗಂತಿದ್ದೆ."

ನಾನು ನಿಂತುಬಿಟ್ಟೆ. ಇಷ್ಟು ವರ್ಷದ ಸೌದೆ ಸುಮ್ಮನೆ ಸುಟ್ಟಿತ್ತು. "ಕತ್ತೆ" ಎಂದೆ. "ನೀನೇ" ಎಂದಳು.

ಗೇಟಿನ ಒಂದು ಬದಿಗೆ ನಮ್ಮ ಹೆಂಗಸರು. ಇನ್ನೊಂದು ಬದಿಗೆ ಪಕ್ಕದ ಬೀದಿಗಳಿಂದ ಕರೆತಂದ ಹುಡುಗಿಯರು. ನಡುವೆ ಕಡ್ಡಿ ಹಿಡಿದ ಮೇಸ್ತ್ರಿ. 'ಕಪ್ಪು ಪೂರ್ತಿ ಆಗದೆ ಇರೋರು ಯಾರಾದ್ರೂ ಇದ್ರೆ ಒಳಗೆ ಬಿಡ್ತೀನಿ' ಎಂದು ಕೂಗುತ್ತಿದ್ದ. ಚುಕ್ಕಿಯನ್ನು ಕಂಡ. ಅವನ ಮುಖ ಸಡಿಲವಾಯಿತು.

"ಬಾ ಬಾ, ನಿಂದು ಪರವಾಗಿಲ್ಲ. ಆದದ್ದು ಆಯ್ತು, ಸಾಹೇಬ್ರಿಗೆ ನಾನು ಹೇಳ್ತೀನಿ. ನಿಮ್ಮಕ್ಕನ ಸಹವಾಸ ಬಿಡು. ಬಾಯಿ ತೆಗಿ, ಒಂದ್ಸಲ ನೋಡಿ ಒಳಗೆ ಬಿಡ್ತೀನಿ."

ಚುಕ್ಕಿ ಅವನ ಕಡ್ಡಿ ನೋಡಿದಳು. ತುಟಿ ಬಿಗಿದಳು.

"ಊಹೂಂ" ಎಂದಳು.

"ಏನೇ? ಬಾಯಿ ತೆಗಿ ಅಂದೆ."

"ಊಹೂಂ." ಇದು ಗಂಟಲಕ್ಕ. ತುಟಿ ತೆರೆಯದೆ ಅವಳು ಅಷ್ಟು ಜೋರಾಗಿ ಹೇಳಬಲ್ಲಳೆಂದು ಯಾರಿಗೂ ಗೊತ್ತಿರಲಿಲ್ಲ. ಅವಳು ನನ್ನನ್ನು ನೋಡಲಿಲ್ಲ. ಬಂದು ಚುಕ್ಕಿಯ ಪಕ್ಕ ನಿಂತಳು. ಆಮೇಲೆ ಇನ್ನೊಬ್ಬಳು ಬಂದಳು. ಆಮೇಲೆ ಅವಳ ನಾದಿನಿ. ಆಮೇಲೆ ಒಬ್ಬೊಬ್ಬರು ಎಂದು ಹೇಳಲಾಗದು, ಜೇನುಗೂಡಿಗೆ ಕಲ್ಲು ಬಿದ್ದಂತೆ ಆ ಒಂದೇ ಸದ್ದು ಗೇಟಿನ ತುಂಬ ಎದ್ದಿತು. ಅದನ್ನು ಹೇಳಲು ನಾಲಿಗೆ ಬೇಕಿಲ್ಲ. ಅದನ್ನು ಕಿತ್ತುಕೊಳ್ಳಲು ಅವರಿಗೆ ಏನೂ ಸಿಕ್ಕಲಿಲ್ಲ.

ಮೇಸ್ತ್ರಿ ಕಡ್ಡಿ ಬಿಸಾಡಿದ. "ಹೋಗಿ, ಸಾಯಿರಿ. ನಿಮ್ಮನ್ನ ಬಿಟ್ಟರೆ ಜನ ಇಲ್ವಾ?" ಹೊಸ ಹುಡುಗಿಯರತ್ತ ತಿರುಗಿದ. ಲಾರಿ ಬಂದು ನಿಂತಿತ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ರಾಶಿಯಿಂದ ಒಂದು ಕಲ್ಲು ತಂದು ಮುಂದಿದ್ದ ಹುಡುಗಿಯ ಕೈಗಿಟ್ಟ. ಜಡೆ ಬಿಗಿದು ಕಟ್ಟಿದ್ದ, ಚುಕ್ಕಿಯ ವಯಸ್ಸಿನ ಹುಡುಗಿ.

"ಇದರಲ್ಲಿ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು, ಬೇರೆ ಮಾಡಬೇಕು. ಅಷ್ಟೇ ಕೆಲಸ."

ಅವಳು ಕಲ್ಲನ್ನು ತಿರುಗಿಸಿ ನೋಡಿದಳು. "ಎಲ್ಲ ಒಂದೇ ತರ ಇದೆಯಲ್ಲಣ್ಣ. ಹೇಗೆ ಗೊತ್ತಾಗುತ್ತೆ?"

ಮೇಸ್ತ್ರಿ ಲಾರಿಯತ್ತ ನೋಡಿದ. ನಾವು ಅವನ ಬಾಯಿಯನ್ನೇ ನೋಡಿದೆವು. ಅದಕ್ಕೆ ಉತ್ತರವನ್ನು ಕಂಪನಿಯ ಬಾಯಿಂದ ಈವರೆಗೆ ಯಾರೂ ಕೇಳಿರಲಿಲ್ಲ.

"ನೆಕ್ಕು" ಎಂದ.

"ಏನು?"

"ನೆಕ್ಕು ಅಂದೆ. ನಾಲಿಗೆ ತಾಗಿಸು. ಆಗ ಗೊತ್ತಾಗುತ್ತೆ."

ಹುಡುಗಿ ಅವನನ್ನು ನೋಡಿದಳು. ಆಮೇಲೆ ನಮ್ಮನ್ನು ನೋಡಿದಳು. ಬಾಯಿ ಮುಚ್ಚಿಕೊಂಡು ನಿಂತ ಇಷ್ಟು ಹೆಂಗಸರನ್ನು. ಕಲ್ಲನ್ನು ಅವನ ಅಂಗೈಗೆ ವಾಪಸು ಇಟ್ಟಳು.

"ನನಗೆ ತಿಳಿಯಲ್ಲಣ್ಣ. ನೀವೊಂದು ಸಲ ಮಾಡಿ ತೋರ್ಸಿ."

ಲಾರಿಯ ಹಾರ್ನ್ ಮತ್ತೆ ಕೂಗಿತು. ಆಫೀಸಿನ ಕಿಟಕಿಯಲ್ಲಿ ಮ್ಯಾನೇಜರ್ ನಿಂತಿದ್ದ. ಮೇಸ್ತ್ರಿ ಅತ್ತ ನೋಡಿದ, ಇತ್ತ ನೋಡಿದ. ಕಲ್ಲನ್ನು ಅಂಗಿಗೆ ಒರೆಸಿಕೊಂಡ. ಮುಖದ ಹತ್ತಿರ ತಂದ. ಬಾಯಿ ತೆರೆದ.

ಅವನ ನಾಲಿಗೆ ಹೊರಗೆ ಬಂತು. ದೇವರೇ, ಎಷ್ಟು ಕೆಂಪಗಿತ್ತು! ಎಳೆಗೂಸಿನ ನಾಲಿಗೆಯ ಹಾಗೆ. ಒಂದು ದಿನವೂ ಒಣಗದ, ಒಂದು ರುಚಿಯನ್ನೂ ಕಳೆದುಕೊಳ್ಳದ ನಾಲಿಗೆ. ನನ್ನ ಹೊಟ್ಟೆ ಉರಿದುಹೋಯಿತು.

ಕಲ್ಲಿಗೂ ನಾಲಿಗೆಗೂ ನಡುವೆ ಬೆರಳಷ್ಟು ಜಾಗವಿತ್ತು. ಅವನ ಕೈ ಅಲ್ಲೇ ನಿಂತಿತ್ತು.

ಅಜ್ಜಿಯ ಕಥೆ ನಿಂತಾಗಲೆಲ್ಲ ಮುಂದೆ ತಳ್ಳಲು ನಮಗೆ ಒಂದೇ ಮಾತು ಗೊತ್ತಿತ್ತು. ಈ ಸಲ ನನಗೆ ನಿದ್ದೆ ಬಂದಿರಲಿಲ್ಲ. ಚುಕ್ಕಿಯ ಕೈ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡೇ, ಅವನಿಗೆ ಕೇಳುವಂತೆ ಹೇಳಿದೆ.

"ಹೂಂ."